ಬಾಡಿ ಇಲ್ಲ, ಬ್ಯಾಡ್ಜ್ ಇಲ್ಲ, ಬರೀ ತುಕ್ಕು: ಈ ಹಳೇ ಬ್ರಿಟಿಷ್ ಕಾರು ಯಾವುದು?

ಕಾಡುದಾರಿ
ಎಲ್ಲರಿಗೂ ನಮಸ್ಕಾರ. ವೇಲ್ಸ್‌ನ ಕೆರೆಡಿಗಿಯನ್ ಕಡೆ, ಒಂದು ಫಾರಂನ ಅಂಚಿನ ಕಾಡಿನಲ್ಲಿ ಕಾರೊಂದರ ಅವಶೇಷ ಇದೆ. ಜಮೀನಿನ ಯಜಮಾನರನ್ನು ಕೇಳಿಯೇ ನೋಡುತ್ತಿದ್ದೇನೆ. ಹಿಂದೆ ಫಾರಂನ ಕಸವನ್ನೆಲ್ಲ ಇಲ್ಲಿಗೇ ತಂದು ಸುರಿಯುತ್ತಿದ್ದರಂತೆ. ಬಾಡಿ ಪೂರ್ತಿ ಹೋಗಿದೆ. ಫೋಟೋದಲ್ಲಿ ಕಾಣುವುದು ಇಷ್ಟೇ: ಮುಂದಿನ ಆಕ್ಸಲ್, ಅದರ ಮೇಲೆ ಅಡ್ಡಡ್ಡ ಕೂತ ಒಂದು ಲೀಫ್ ಸ್ಪ್ರಿಂಗ್, ತಂತಿ ಕಡ್ಡಿಗಳ ಒಂದು ಚಕ್ರ, ನಾಲ್ಕು ಸಿಲಿಂಡರಿನ ಚಿಕ್ಕ ಎಂಜಿನ್. ಎಂಜಿನ್ ಹೆಡ್ ಇಲ್ಲ. ಹಿಂಭಾಗ ಮಣ್ಣಲ್ಲಿ ಹೂತಿದೆ, ಮೇಲೆ ಮುಳ್ಳುಬಳ್ಳಿ. ಹೆಸರು, ಲಾಂಛನ ಏನೂ ಸಿಕ್ಕಿಲ್ಲ. ಯಜಮಾನರು "ಯಾವುದೋ ಹಳೇ ಫೋರ್ಡ್ ಇರಬೇಕು" ಅನ್ನುತ್ತಾರೆ. ಇಷ್ಟರಲ್ಲೇ ಗುರುತು ಹಿಡಿಯಬಹುದಾ?

ಸೈಡ್‌ವಾಲ್ವ್
ಮೇಡಂ, ಮುಂದೆ ಅಡ್ಡ ಸ್ಪ್ರಿಂಗ್, ಚಿಕ್ಕ ಎಂಜಿನ್, ವಾಲ್ವ್‌ಗಳು ಬ್ಲಾಕ್‌ನ ಪಕ್ಕದಲ್ಲಿ. ಫೋರ್ಡ್ ಅನ್ನೋದು ತೀರಾ ತಳಬುಡ ಇಲ್ಲದ ಮಾತಲ್ಲ. ಫೋರ್ಡ್‌ನ ಇಂಗ್ಲೆಂಡಿನ ಕಾರ್ಖಾನೆ ಡ್ಯಾಗೆನಮ್‌ನಲ್ಲಿ 1932ರಿಂದ 1937ರವರೆಗೆ ಮಾಡಿದ ಮಾಡೆಲ್ ವೈ ಹೀಗೇ ಇತ್ತು, 933 ಸಿಸಿ. ಅದರ ಹಿಂದಿನ ಆಕ್ಸಲ್‌ಗೂ ಅಡ್ಡ ಸ್ಪ್ರಿಂಗೇ. ಆದ್ದರಿಂದ ಹಿಂಭಾಗ ಅಗೆದು ನೋಡದೆ ಹೇಳೋದು ಕಷ್ಟ.

ಕನಸಿನಗಾಡಿ
ತಂತಿ ಚಕ್ರ ಇದೆ ಅಂದ್ರೆ ಹಳೇ ಸ್ಪೋರ್ಟ್ಸ್ ಕಾರ್ ಇರಬಹುದಲ್ವಾ? ಎಂಜಿ ಆಗಿದ್ದರೆ ಲಾಟರಿ ಹೊಡೆದ ಹಾಗೆ!

ಹಳೇಚಕ್ರ
ಕನಸಿನಗಾಡಿ ಅವರೇ, ಆ ಕಾಲದಲ್ಲಿ ಅಗ್ಗದ ಸಂಸಾರಸ್ಥರ ಕಾರಿಗೂ ತಂತಿ ಚಕ್ರ ಇರುತ್ತಿತ್ತು. ಚಕ್ರ ನೋಡಿ ಲಾಟರಿ ಲೆಕ್ಕ ಹಾಕಬೇಡಿ.

ಮೇಡಂ, ಫೋಟೋದಲ್ಲಿ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಚಾಸಿಯ, ಅಂದರೆ ಕಾರಿನ ತಳದ ಚೌಕಟ್ಟಿನ, ಎರಡು ಉದ್ದ ಪಟ್ಟಿಗಳು ಮುಂದೆ ಒಂದಕ್ಕೊಂದು ಹತ್ತಿರ ಬರುತ್ತಿವೆ, ಹಿಂದಕ್ಕೆ ಹೋದಂತೆ ಅಗಲ ಆಗುತ್ತಿವೆ. ಇದು ನೆಲ ಕುಸಿದು ಬಾಗಿದ್ದೋ, ಇಲ್ಲ ಮೊದಲಿಂದಲೇ ಹಾಗಿದ್ದದ್ದೋ? ಮೊದಲಿಂದಲೇ ಹಾಗಿದ್ದರೆ ನನ್ನ ಮನಸ್ಸಿನಲ್ಲಿ ಒಂದು ಹೆಸರಿದೆ, ಆದರೆ ಈಗಲೇ ಹೇಳುವುದಿಲ್ಲ. ಹೆಸರು ಕೇಳಿದ ಮೇಲೆ ಎಲ್ಲರಿಗೂ ಅದೇ ಕಾಣೋಕೆ ಶುರುವಾಗುತ್ತದೆ. ಮೂರು ಕೆಲಸ ಮಾಡಿ. ಚಕ್ರ ಹಬ್‌ಗೆ ಎಷ್ಟು ಸ್ಟಡ್‌ಗಳಲ್ಲಿ (ನಟ್ ಹಾಕಿ ಬಿಗಿಯುವ ಮೊಳೆಗಳಲ್ಲಿ) ಕೂತಿದೆ ಎಣಿಸಿ. ಹಿಂದಿನ ಸ್ಪ್ರಿಂಗ್ ಹೇಗಿದೆ ನೋಡಿ. ಸಿಲಿಂಡರಿನ ಅಗಲ ಅಳೆಯಿರಿ.

ಕಾಡುದಾರಿ
ಹಿಂಭಾಗ ಅಗೆಯಲು ವಾರಾಂತ್ಯ ಬರಬೇಕು. ಸಿಲಿಂಡರ್ ಮಾತ್ರ ಅಳೆದೆ. ಒಳಗೆಲ್ಲ ತುಕ್ಕಿನ ಪದರ. ಕೆರೆದು ವರ್ನಿಯರ್ ಇಟ್ಟಾಗ 56ಕ್ಕೂ 57ಕ್ಕೂ ನಡುವೆ ಬಂತು, ಮಿಲಿಮೀಟರಿನಲ್ಲಿ. ಇದರಿಂದ ಗೊತ್ತಾಗುತ್ತದಾ?

ಗೇರ್‌ಬಾಕ್ಸ್ ಗುಂಡಣ್ಣ
ಮೇಡಂ, ಬೋರ್, ಅಂದರೆ ಸಿಲಿಂಡರಿನ ಅಗಲ, ಅದೊಂದರಿಂದಲೇ ಏನೂ ಗೊತ್ತಾಗುವುದಿಲ್ಲ. ಯಾಕೆ ಅಂತ ಕೇಳಿ, ಇದೊಂದು ಒಳ್ಳೇ ಕಥೆ.

1921ರಿಂದ ಬ್ರಿಟನ್‌ನಲ್ಲಿ ಕಾರಿನ ತೆರಿಗೆ ಹಾರ್ಸ್‌ಪವರ್ ಲೆಕ್ಕದಲ್ಲಿತ್ತು, ಒಂದು ಹಾರ್ಸ್‌ಪವರ್‌ಗೆ ಒಂದು ಪೌಂಡ್. ಆದರೆ ಎಂಜಿನ್ ನಿಜವಾಗಿ ಎಷ್ಟು ಶಕ್ತಿ ಕೊಡುತ್ತದೆ ಅಂತ ಯಾರೂ ಅಳೆಯುತ್ತಿರಲಿಲ್ಲ. ಆರ್‌ಎಸಿ (ರಾಯಲ್ ಆಟೊಮೊಬೈಲ್ ಕ್ಲಬ್) ಸೂತ್ರ ಅಂತ ಒಂದಿತ್ತು. ಬೋರ್ ಎಷ್ಟು ಇಂಚು ಇದೆಯೋ ಅದನ್ನು ಅದರಿಂದಲೇ ಗುಣಿಸಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸಬೇಕು. ಅಷ್ಟೇ. ಪಿಸ್ಟನ್ ಎಷ್ಟು ದೂರ ಓಡುತ್ತದೆ ಅನ್ನೋದು, ಅಂದರೆ ಸ್ಟ್ರೋಕ್, ಲೆಕ್ಕಕ್ಕೇ ಇಲ್ಲ!

ಕಾರು ಮಾಡುವವರು ಸುಮ್ನೆ ಇರ್ತಾರಾ? ಬೋರ್ ಸಣ್ಣದು ಮಾಡಿ ಸ್ಟ್ರೋಕ್ ಉದ್ದ ಮಾಡಿದರು. ಎಂಟು ಹಾರ್ಸ್‌ಪವರಿನ ಆಸುಪಾಸಿಗೆ ಎಲ್ಲರೂ ಬಂದು ಕೂತರು. ಆಸ್ಟಿನ್ ಸೆವೆನ್ ಬೋರ್ 56 ಮಿಮೀ. ಸಿಂಗರ್ ಜೂನಿಯರ್ 56. ಫೋರ್ಡ್ ಮಾಡೆಲ್ ವೈ 56.6. ಮಾರಿಸ್ ಎಯ್ಟ್ 57. 1928ರ ಮಾರಿಸ್ ಮೈನರ್ ಕೂಡ 57. ಸವೆತ, ತುಕ್ಕು, ರೀಬೋರ್ (ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡುವುದು) ಎಲ್ಲ ಸೇರಿದ ಮೇಲೆ ನಿಮ್ಮ ವರ್ನಿಯರ್ ಇವುಗಳಲ್ಲಿ ಯಾವುದನ್ನು ಬೇಕಾದರೂ ತೋರಿಸಬಹುದು.

ಸ್ಟ್ರೋಕ್‌ನಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ. ಆಸ್ಟಿನ್ 76.2, ಮೈನರ್ 83, ಸಿಂಗರ್ 86, ಮಾರಿಸ್ ಎಯ್ಟ್ 90, ಫೋರ್ಡ್ 92.5. ಅದನ್ನು ಅಳೆಯಿರಿ.

ಕಾಡುದಾರಿ
ಗುಂಡಣ್ಣ, ಪಿಸ್ಟನ್‌ಗಳು ಕಚ್ಚಿಕೊಂಡು ಕೂತಿವೆ. ಎಂಜಿನ್ ತಿರುಗುವುದೇ ಇಲ್ಲ. ಸ್ಟ್ರೋಕ್ ಹೇಗೆ ಅಳೆಯಲಿ?

ಗೇರ್‌ಬಾಕ್ಸ್ ಗುಂಡಣ್ಣ
ತಿರುಗಿಸಬೇಕಾಗಿಲ್ಲ. ನಾಲ್ಕು ಸಿಲಿಂಡರಿನಲ್ಲಿ 1 ಮತ್ತು 4 ಜೊತೆಯಾಗಿ ಏಳುತ್ತವೆ, 2 ಮತ್ತು 3 ಜೊತೆಯಾಗಿ ಇಳಿಯುತ್ತವೆ. ಬ್ಲಾಕ್‌ನ ಮೇಲ್ಮೈಯಿಂದ 1ನೇ ಪಿಸ್ಟನ್ ಎಷ್ಟು ಆಳದಲ್ಲಿದೆ, 2ನೇದು ಎಷ್ಟು ಆಳದಲ್ಲಿದೆ, ಎರಡೂ ಅಳೆದು ಕೂಡಿಸಿ. ಆ ಮೊತ್ತ ಸ್ಟ್ರೋಕ್‌ಗೆ ಹತ್ತಿರ ಬರುತ್ತದೆ. ಕನೆಕ್ಟಿಂಗ್ ರಾಡ್ ಓರೆಯಾಗಿ ನಿಲ್ಲುವುದರಿಂದ ಸ್ವಲ್ಪ ಜಾಸ್ತಿ ಬರಬಹುದು, ಕಡಿಮೆ ಬರುವುದಿಲ್ಲ. ಮೇಲೆ ಹೋದ ಪಿಸ್ಟನ್ ತುದಿ ಮುಟ್ಟಿದಷ್ಟೂ ಲೆಕ್ಕ ಕರಾರುವಾಕ್ಕು. ಪಿಸ್ಟನ್ ತಲೆ ಮೇಲಿನ ಕೆಸರು, ಎಲೆ ಎಲ್ಲ ತೆಗೆದು ಅಳೆಯಿರಿ.

ನಟ್ಟುಬೋಲ್ಟು
ಇನ್ನೊಂದು ಸುಲಭದ ಪರೀಕ್ಷೆ. ಎಂಜಿನ್‌ನಿಂದ ಒಂದು ಬೋಲ್ಟ್ ಬಿಚ್ಚಲು ಬಂದರೆ ಅದರ ಮರೆ (ಸುರುಳಿ ಗೀರು, ಥ್ರೆಡ್) ನೋಡಿ. ಮಾರಿಸ್ ಎಂಜಿನ್ ಆದರೆ ಮರೆ ಮೆಟ್ರಿಕ್, ಆದರೆ ಬೋಲ್ಟಿನ ತಲೆ ವಿಟ್‌ವರ್ತ್ ಅನ್ನುವ ಇಂಗ್ಲಿಷ್ ಸ್ಪ್ಯಾನರಿನ ಅಳತೆ! ಕಾವೆಂಟ್ರಿಯಲ್ಲಿ ಮಾರಿಸ್‌ಗೆ ಎಂಜಿನ್ ಮಾಡಿಕೊಡುತ್ತಿದ್ದದ್ದು ಫ್ರೆಂಚ್ ಕಂಪನಿ ಹಾಚ್‌ಕಿಸ್‌ನ ಕಾರ್ಖಾನೆ. ಯಂತ್ರಗಳೆಲ್ಲ ಮೆಟ್ರಿಕ್ ಮರೆ ಹಾಕುವಂಥವು. 1923ರಲ್ಲಿ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡಿತು, ಮರೆ ಹಾಗೇ ಉಳಿಯಿತು. ಇಂಗ್ಲೆಂಡಿನ ಮೆಕ್ಯಾನಿಕ್ ಹತ್ತಿರ ಮೆಟ್ರಿಕ್ ಸ್ಪ್ಯಾನರ್ ಎಲ್ಲಿರುತ್ತಿತ್ತು? ಅದಕ್ಕೇ ತಲೆ ಮಾತ್ರ ಇಂಗ್ಲಿಷ್ ಅಳತೆ. ಆಸ್ಟಿನ್ ಆದರೆ ಮರೆಯೂ ಇಂಗ್ಲಿಷ್‌ದೇ. ಮರೆ ಅಳೆಯುವ ಗೇಜ್ ಇದ್ದರೆ ಎರಡು ನಿಮಿಷದ ಕೆಲಸ.

ಬಿಚ್ಚುವ ಮೊದಲು ಡೀಸೆಲ್ ಹಾಕಿ ಒಂದಿಷ್ಟು ದಿನ ನೆನೆಯಲು ಬಿಡಿ. ಬಲ ಹಾಕಿದರೆ ಬೋಲ್ಟ್ ಬರುವುದಿಲ್ಲ, ತಲೆ ಮಾತ್ರ ಕಿತ್ತು ಬರುತ್ತದೆ.

ಕಾಡುದಾರಿ
ಬೋಲ್ಟ್ ಬರಲಿಲ್ಲ. ಉಳಿದದ್ದೆಲ್ಲ ಸಿಕ್ಕಿತು.

ಪಿಸ್ಟನ್ ಆಳ: 1ನೇದು ಸುಮಾರು 3 ಮಿಮೀ, 2ನೇದು 75. ಕೂಡಿಸಿದರೆ 78.

ಚಕ್ರಕ್ಕೆ ಮೂರೇ ಸ್ಟಡ್. ಮೂರೇ ಅಂತ ಖಾತ್ರಿ ಮಾಡಿಕೊಳ್ಳಲು ಹಬ್ ಪೂರ್ತಿ ಉಜ್ಜಿ ನೋಡಿದೆ.

ಹಿಂದೆ ಅಡ್ಡ ಸ್ಪ್ರಿಂಗ್ ಇಲ್ಲ. ಚಾಸಿ ಪಟ್ಟಿಯ ತುದಿಯಿಂದ ಎರಡೂ ಕಡೆ ಒಂದೊಂದು ಮೊಂಡು ಸ್ಪ್ರಿಂಗ್ ಹಿಂದಕ್ಕೆ ಚಾಚಿಕೊಂಡಿದೆ. ಒಂದು ತುದಿ ಚಾಸಿಗೆ ಗಟ್ಟಿಯಾಗಿ ಬಿಗಿದಿದೆ, ಇನ್ನೊಂದು ತುದಿ ಆಕ್ಸಲ್‌ಗೆ. ಎಡಗಡೆಯದು ಮುರಿದಿದೆ, ಬಲಗಡೆಯದು ಇನ್ನೂ ಆಕ್ಸಲ್ ಹಿಡಿದುಕೊಂಡಿದೆ. ಚಾಸಿ ಬಾಗಿದ್ದಲ್ಲ, ಮಾಡಿದ್ದೇ ಇಂಗ್ಲಿಷ್‌ನ ಎ ಅಕ್ಷರದ ಆಕಾರದಲ್ಲಿ.

ಆದರೆ ಅಲ್ಲೇ ಪಕ್ಕದಲ್ಲಿ ಇನ್ನೊಂದು ಬ್ರೇಕ್ ಡ್ರಮ್ ಬಿದ್ದಿದೆ. ಅದಕ್ಕೆ ಐದು ಸ್ಟಡ್. ಇದು ಹೇಗೆ?

ಹಳೇಚಕ್ರ
ಈಗ ಹೆಸರು ಹೇಳಬಹುದು. ಆಸ್ಟಿನ್ ಸೆವೆನ್.

ಎ ಆಕಾರದ ಚಾಸಿ, ಮುಂದೆ ಒಂದು ಅಡ್ಡ ಸ್ಪ್ರಿಂಗ್, ಹಿಂದೆ ಎರಡು ಕ್ವಾರ್ಟರ್ ಎಲಿಪ್ಟಿಕ್ ಸ್ಪ್ರಿಂಗ್ (ನೀವು ಹೇಳಿದ ಮೊಂಡು ಸ್ಪ್ರಿಂಗ್), ಮೂರು ಸ್ಟಡ್ ಚಕ್ರ. ಈ ನಾಲ್ಕೂ ಒಟ್ಟಿಗೆ ಸಿಕ್ಕ ಮೇಲೆ ಬ್ಯಾಡ್ಜ್ ಹುಡುಕುವ ಅಗತ್ಯವೇ ಇಲ್ಲ. ಐದು ಸ್ಟಡ್‌ನ ಡ್ರಮ್ ಬೇರೆ ಗಾಡಿಯದು. ಕಸ ಸುರಿಯುವ ಜಾಗದಲ್ಲಿ ಒಂದೇ ಗಾಡಿಯ ಸಾಮಾನು ಇರಬೇಕು ಅಂತೇನಿಲ್ಲ. ಅದನ್ನು ಪಕ್ಕಕ್ಕಿಡಿ.

ಗೇರ್‌ಬಾಕ್ಸ್ ಗುಂಡಣ್ಣ
78 ಅಂದರೆ ಮಾರಿಸ್, ಸಿಂಗರ್, ಫೋರ್ಡ್ ಎಲ್ಲ ಔಟ್. 76.2ಕ್ಕೆ ರಾಡ್ ಓರೆಯದು ಒಂದಿಷ್ಟು ಸೇರಿಸಿ, ಸರಿಹೋಯಿತು. 747 ಸಿಸಿ.

ಈ ಕಾರನ್ನು ಹರ್ಬರ್ಟ್ ಆಸ್ಟಿನ್ ತನ್ನ ಮನೆಯಲ್ಲೇ ಕೂತು ರೂಪಿಸಿದ. ಜೊತೆಗಿದ್ದ ಡ್ರಾಫ್ಟ್ಸ್‌ಮನ್ ಸ್ಟ್ಯಾನ್ಲಿ ಎಡ್ಜ್‌ಗೆ ಆಗಿನ್ನೂ 18 ವರ್ಷ. 1922ರಲ್ಲಿ ಬಂದ ಕಾರು 1939ರವರೆಗೆ ನಡೆಯಿತು, ಹತ್ತಿರ ಹತ್ತಿರ 2,90,000 ಗಾಡಿಗಳು. ಜರ್ಮನಿಯಲ್ಲಿ ಡಿಕ್ಸಿ ಅಂತ ಲೈಸೆನ್ಸ್ ಮೇಲೆ ಮಾಡಿದರು. 1928ರಲ್ಲಿ ಬಿಎಂಡಬ್ಲ್ಯೂ ಆ ಕಂಪನಿಯನ್ನು ಕೊಂಡುಕೊಂಡಿತು. ಅಂದರೆ ಬಿಎಂಡಬ್ಲ್ಯೂ ಕಾರು ಮಾಡಲು ಶುರು ಮಾಡಿದ್ದೇ ಇದರಿಂದ!

ಕನಸಿನಗಾಡಿ
ಹಾಗಾದರೆ ಲಾಟರಿ ಇಲ್ಲ ಅನ್ನಿ. 😄 ಯಾವ ವರ್ಷದ್ದು ಅಂತ ಹೇಳಬಹುದಾ? 17 ವರ್ಷ ಅಂದರೆ ದೊಡ್ಡ ಅಂತರ ಆಯಿತಲ್ಲ.

ಹಳೇಚಕ್ರ
ಹೇಳಬಹುದು, ಆದರೆ ಎಂಜಿನ್ ನೋಡಿ ಅಲ್ಲ. ಈ ಕಾರುಗಳ ಎಂಜಿನ್ ಒಂದರಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತಿತ್ತು. ಚಾಸಿಯನ್ನು ನಂಬಿ.

ಮೊದಲು ವ್ಹೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ದೂರ. ಹಳೇ ಚಾಸಿ 75 ಇಂಚು. 1931ರ ಕೊನೆಯ ಹೊತ್ತಿಗೆ ಸೆಡಾನ್‌ಗಳಿಗೆ 81 ಇಂಚಿನ ಉದ್ದ ಚಾಸಿ ಬಂತು. ಆರು ಇಂಚಿನ ವ್ಯತ್ಯಾಸ ಇರುವುದರಿಂದ ಟೇಪ್ ಸ್ವಲ್ಪ ಆಚೀಚೆ ಆದರೂ ಗೊಂದಲ ಇಲ್ಲ. ಮುರಿಯದ ಬಲಗಡೆಯಲ್ಲಿ ಅಳೆಯಿರಿ.

ಆಮೇಲೆ ಪೆಟ್ರೋಲ್ ಟ್ಯಾಂಕ್. ಮೊದಲೆಲ್ಲ ಅದು ಬಾನೆಟ್ ಒಳಗೇ, ಎಂಜಿನ್ ಹಿಂದೆ ಎತ್ತರದಲ್ಲಿ ಇರುತ್ತಿತ್ತು. ಪೆಟ್ರೋಲ್ ತಾನಾಗಿ ಇಳಿದು ಬರುತ್ತಿತ್ತು, ಪಂಪ್ ಬೇಕಿರಲಿಲ್ಲ. 1933ರ ಮಾಡೆಲ್‌ಗಳಿಂದ ಟ್ಯಾಂಕ್ ಹಿಂದಕ್ಕೆ ಹೋಯಿತು, ಪಂಪ್ ಬಂತು, ಜೊತೆಗೆ ಮೂರರ ಬದಲು ನಾಲ್ಕು ಗೇರ್.

ಚಕ್ರದ ಅಳತೆಯೂ ಬೇಕು. 1934ರಲ್ಲಿ ಸೆವೆನ್‌ನ ರೂಬಿ ಮಾಡೆಲ್ ಬಂದಾಗ ಚಕ್ರ 17 ಇಂಚಿಗೆ ಇಳಿಯಿತು. ಅದಕ್ಕೆ ಮುಂಚೆ 19. ರಿಮ್‌ನ ಹೊರ ಅಂಚಿನಲ್ಲಿ ಅಳೆಯಬೇಡಿ, ಟೈರ್ ಕೂರುವ ಜಾಗದಲ್ಲಿ ಅಳೆಯಿರಿ.

ಸೈಡ್‌ವಾಲ್ವ್
ಚಾಸಿ ಮೇಲೂ ಒಂದು ಅನುಮಾನ ಇಟ್ಟುಕೊಳ್ಳಿ ಹಳೇಚಕ್ರ ಅಣ್ಣ. ಯುದ್ಧ ಮುಗಿದ ಮೇಲೆ ಎಷ್ಟೋ ಸೆವೆನ್‌ಗಳ ಬಾಡಿ ಕಿತ್ತೆಸೆದು ಹುಡುಗರು ಮನೆಯಲ್ಲೇ ರೇಸ್ ಕಾರ್ ಮಾಡಿಕೊಂಡರು. ಕಾಲಿನ್ ಚಾಪ್‌ಮನ್ 1948ರಲ್ಲಿ ಮಾಡಿದ ಮೊಟ್ಟಮೊದಲ ಲೋಟಸ್ ಇದೇ ಸೆವೆನ್ ಮೇಲೆ ಕಟ್ಟಿದ್ದು. 750 ಮೋಟಾರ್ ಕ್ಲಬ್ ಅನ್ನುವ ಹೆಸರು ಬಂದದ್ದೂ ಈ ಎಂಜಿನ್ ಅಳತೆಯಿಂದಲೇ. ಆದ್ದರಿಂದ ಇದು ಸೆಡಾನ್ ಆಗಿಯೇ ಸತ್ತಿತಾ, ಇಲ್ಲ ಯಾರೋ ಕತ್ತರಿಸಿದ್ದಾ ಅಂತಲೂ ನೋಡಬೇಕು. ಚಾಸಿಯಲ್ಲಿ ಹೊಸ ತೂತು, ವೆಲ್ಡಿಂಗ್ ಇದೆಯಾ?

ಕಾಡುದಾರಿ
ವೆಲ್ಡಿಂಗ್ ಕಾಣಲಿಲ್ಲ.

ವ್ಹೀಲ್‌ಬೇಸ್ 81 ಇಂಚು, ಒಂದು ಬೆರಳಷ್ಟು ಆಚೀಚೆ.

ಚಕ್ರಕ್ಕೆ ಟೇಪ್ ಬೇಕಾಗಲೇ ಇಲ್ಲ. ಮಣ್ಣಿನೊಳಗೆ ಟೈರಿನ ಒಂದು ತುಂಡು ರಿಮ್‌ಗೆ ಅಂಟಿಕೊಂಡಿತ್ತು. ಕಬ್ಬಿಣ ಪುಡಿಪುಡಿ ಆಗಿದೆ, ರಬ್ಬರ್ ಮಾತ್ರ ಹಾಗೇ ಇದೆ. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ 3.50 ಮತ್ತು 19 ಅಂತ ಉಬ್ಬಿದ ಅಂಕಿಗಳು ಕಂಡವು.

ಚಾಸಿಯ ಹಿಂದೆ, ಮಣ್ಣಿನಡಿ, ತೆಳು ತಗಡಿನ ಡಬ್ಬದ ಮೂಲೆಯೊಂದು ಸಿಕ್ಕಿದೆ. ಅದಕ್ಕೆ ಪೈಪ್ ಸೇರಿಸುವ ಹಿತ್ತಾಳೆಯ ತುಂಡು ಇದೆ. ಟ್ಯಾಂಕ್ ಇರಬೇಕು.

ಇನ್ನೊಂದು ಚಿಕ್ಕ ಸಾಮಾನು ಸಿಕ್ಕಿತು, ಏನೆಂದು ಗೊತ್ತಾಗಲಿಲ್ಲ. ಅಂಗೈ ಅಗಲದ ಹಲ್ಲುಗಳಿರುವ ಕಮಾನು, ಅದಕ್ಕೆ ಕಚ್ಚಿಕೊಂಡ ಒಂದು ಪುಟ್ಟ ಗೇರ್. ಗೇರ್‌ನ ನಡುವಿನಿಂದ ಚೌಕಾಕಾರದ ಒಂದು ತುದಿ ಹೊರಗೆ ಚಾಚಿದೆ. ಫೋಟೋ ನೋಡಿ.

ನಟ್ಟುಬೋಲ್ಟು
ಕಿಟಕಿ ಗಾಜು ಏರಿಸಿ ಇಳಿಸುವ ವೈಂಡರ್! ಆ ಚೌಕ ತುದಿಗೆ ಹಿಡಿ ಸಿಕ್ಕಿಸುತ್ತಾರೆ. ತೆರೆದ ಟೂರರ್ ಕಾರಿನಲ್ಲಿ ಇದು ಇರುವುದಿಲ್ಲ, ಅದರಲ್ಲಿ ಬಟ್ಟೆ ಪರದೆ. ಸೈಡ್‌ವಾಲ್ವ್ ಅವರ ಪ್ರಶ್ನೆಗೆ ಇಲ್ಲೇ ಉತ್ತರ ಇದೆ. ಮುಚ್ಚಿದ ಬಾಡಿಯ ಸೆಡಾನ್ ಆಗಿಯೇ ಬಂದು ನಿಂತಿರಬೇಕು.

ಬಾಡಿ ಎಲ್ಲಿ ಹೋಯಿತು ಅನ್ನುವವರಿಗೆ: ಬಾಡಿಯ ಒಳಗೆ ಮರವನ್ನೂ ಬಳಸುತ್ತಿದ್ದರು. ವೇಲ್ಸ್ ಮಳೆಗೆ ಮರ ಕೊಳೆತು ಹೋದ ಮೇಲೆ ತಗಡಿಗೆ ಆಧಾರ ಎಲ್ಲಿ?

ಹಳೇಚಕ್ರ
81 ಇಂಚು, 19ರ ಚಕ್ರ, ಹಿಂದೆ ಟ್ಯಾಂಕ್, ಗಾಜು ಏರಿಸುವ ವೈಂಡರ್. ಬಾಕ್ಸ್ ಸಲೂನ್ (ಸಲೂನ್ ಅಂದರೆ ಸೆಡಾನ್) ಅಂತ ಕರೆಯುವ ಚೌಕ ಬಾಡಿಯದು, ಕಂಪನಿಯ ಸಂಕೇತದಲ್ಲಿ ಆರ್‌ಪಿ. 1932ರ ಕೊನೆಯಿಂದ 1934ರ ನಡುವಿನದು. ಇದರ ಹಿಂದಿನ ಆರ್‌ಎನ್ ಕೂಡ ಹೆಚ್ಚುಕಡಿಮೆ ಹೀಗೇ ಇತ್ತು. ಅದರಲ್ಲಿ ಟ್ಯಾಂಕ್ ಬಾನೆಟ್ ಒಳಗೆ, ಗೇರ್ ಮೂರೇ. ನಿಮ್ಮ ತಗಡಿನ ಮೂಲೆ ನಿಜಕ್ಕೂ ಟ್ಯಾಂಕೇನಾ ಅನ್ನೋದರ ಮೇಲೆ ನಿಂತಿದೆ. ಗೇರ್‌ಬಾಕ್ಸ್ ಮುಚ್ಚಳ ಎದ್ದು ಬಂದರೆ ನಾಲ್ಕು ಗೇರ್ ಇದೆಯಾ ನೋಡಿಬಿಡಿ, ಆಗ ಅನುಮಾನವೇ ಉಳಿಯುವುದಿಲ್ಲ.

ಸೈಡ್‌ವಾಲ್ವ್
ಎಂಜಿನ್ ಮುಂದೆ ಡೈನಮೋ ಉಳಿದಿದ್ದರೆ ಅದನ್ನೂ ಉಜ್ಜಿ ನೋಡಿ. ಲೂಕಾಸ್ ಕಂಪನಿಯ ವಿದ್ಯುತ್ ಭಾಗಗಳ ಮೇಲೆ ಎಷ್ಟೋ ಸಲ ತಿಂಗಳು, ವರ್ಷ ಒತ್ತಿರುತ್ತಾರೆ. ಆದರೆ ಅದು ಆ ಭಾಗದ ವರ್ಷ, ಕಾರಿನದಲ್ಲ. ಡೈನಮೋ ಕೆಟ್ಟರೆ ಕೊಟ್ಟು ಬೇರೆ ತರುವುದು ಆಗ ಮಾಮೂಲು. ಬೇರೆ ಗುರುತುಗಳಿಗಿಂತ ಹೊಸ ವರ್ಷ ಸಿಕ್ಕರೆ ಗಾಬರಿ ಆಗಬೇಡಿ.

ಕಾಡುದಾರಿ
ಡೈನಮೋ ಇಲ್ಲ. ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ಗೇರ್‌ಬಾಕ್ಸ್ ಮುಚ್ಚಳ ತೆಗೆದೆ. ಒಳಗೆ ಎಣ್ಣೆ ಇನ್ನೂ ಇದೆ! ಕಪ್ಪು ಜಿಡ್ಡು, ಆದರೆ ಗೇರ್‌ಗಳ ಹಲ್ಲು ಹೊಳೆಯುತ್ತಿದೆ. ನಾಲ್ಕು ಗೇರ್.

ನಂಬರ್ ಪ್ಲೇಟಿನ ಒಂದು ತುಂಡೂ ಸಿಕ್ಕಿತು. ಇಜೆ ಅಂತ ಎರಡು ಅಕ್ಷರ ಓದಬಹುದು, ಅಂಕಿಗಳು ಮುರಿದುಹೋಗಿವೆ.

ಗೇರ್‌ಬಾಕ್ಸ್ ಗುಂಡಣ್ಣ
ನಾಲ್ಕು ಗೇರ್ ಅಂದ ಮೇಲೆ ಆರ್‌ಪಿ.

ಇಜೆ ಅಂದರೆ ಕಾರ್ಡಿಗನ್‌ಶೈರ್, ಈಗಿನ ನಿಮ್ಮ ಕೆರೆಡಿಗಿಯನ್. ಅಲ್ಲೇ ನೋಂದಣಿ ಆಗಿ ಅಲ್ಲೇ ಕೊನೆಯಾಗಿದೆ. ಅಕ್ಷರದಿಂದ ವರ್ಷ ಹೇಳಲು ಆಗುವುದಿಲ್ಲ. ಮೂರಕ್ಷರದ ನಂಬರ್ 1932ರಲ್ಲಿ ಸ್ಟಾಫರ್ಡ್‌ಶೈರ್‌ನಿಂದ ಶುರುವಾಯಿತು. ಆದರೆ ಜನ ಕಡಿಮೆ ಇರುವ ಕೌಂಟಿಗಳಲ್ಲಿ ಎರಡಕ್ಷರದ ಸರಣಿಯೇ ಬಹಳ ಕಾಲ ನಡೆಯಿತು. ಅಬೆರಿಸ್ಟ್‌ವಿತ್‌ನಲ್ಲಿ ಕೌಂಟಿಯ ದಾಖಲೆ ಸಂಗ್ರಹ ಇದೆ. ಹಳೇ ನೋಂದಣಿ ಪುಸ್ತಕ ಉಳಿದಿದೆಯಾ ಅಂತ ಕೇಳಿ. ನೋಂದಣಿ ಕೆಲಸವೆಲ್ಲ 1970ರ ದಶಕದಲ್ಲಿ ಸ್ವಾನ್ಸೀಯ ಕೇಂದ್ರ ಕಚೇರಿಗೆ ಹೋದಾಗ ಹಲವು ಕೌಂಟಿಗಳು ಪುಸ್ತಕಗಳನ್ನು ಬಿಸಾಕಿಬಿಟ್ಟವು.

ಕನಸಿನಗಾಡಿ
ಇಷ್ಟು ಒಳ್ಳೇ ಕಾರನ್ನು ಯಾಕೆ ಕಾಡಿಗೆ ಬಿಟ್ಟರೋ.

ನಟ್ಟುಬೋಲ್ಟು
ಆಗ ಅದು ಒಳ್ಳೇ ಕಾರಲ್ಲ, ಬರೀ ಹಳೇ ಕಾರು. 1960ರಲ್ಲಿ ಎಂಒಟಿ ಅನ್ನುವ ಕಡ್ಡಾಯ ವಾಹನ ಪರೀಕ್ಷೆ ಬಂತು. ಹತ್ತು ವರ್ಷ ದಾಟಿದ ಗಾಡಿಗಳ ಬ್ರೇಕ್, ಸ್ಟೀರಿಂಗ್, ದೀಪ ನೋಡುತ್ತಿದ್ದರು. ಮರುವರ್ಷವೇ ಅದನ್ನು ಏಳು ವರ್ಷಕ್ಕೆ ಇಳಿಸಿದರು. ಸೆವೆನ್ ಬ್ರೇಕ್ ಮೊದಲೇ ಅಷ್ಟಕ್ಕಷ್ಟೆ, ಕೇಬಲ್ ಎಳೆದು ಹಿಡಿಸುವಂಥದ್ದು. 1930ರವರೆಗೆ ಕಾಲಿನ ಪೆಡಲ್ ಹಿಂದಿನ ಚಕ್ರಕ್ಕೆ, ಕೈ ಬ್ರೇಕ್ ಮುಂದಿನ ಚಕ್ರಕ್ಕೆ! ರಿಪೇರಿಗೆ ಆಗುವ ಖರ್ಚು ಕಾರಿನ ಬೆಲೆಗಿಂತ ಜಾಸ್ತಿ. ಫಾರಂ ಹಿಂದೆ ಜಾಗ ಇದ್ದವರು ತಳ್ಳಿಕೊಂಡು ಹೋಗಿ ಬಿಟ್ಟರು. ಈ ಕಾರು ಹಾಗೇ ಹೋಯಿತು ಅಂತ ನಾನು ಹೇಳುತ್ತಿಲ್ಲ, ಆದರೆ ಬಹಳಷ್ಟು ಹೋದದ್ದು ಹಾಗೆ.

ಬ್ರೇಕ್ ಅಂದ ಮೇಲೆ ನೆನಪಾಯಿತು. ಮೇಡಂ, ಡ್ರಮ್ ಒಳಗೆ ಒಣ ಬ್ರಷ್ ಹಾಕಬೇಡಿ, ಗಾಳಿ ಊದಲೇಬೇಡಿ. ಹಳೇ ಲೈನಿಂಗ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಒದ್ದೆ ಮಾಡಿಕೊಂಡು, ಸರಿಯಾದ ಮಾಸ್ಕ್ ಹಾಕಿಕೊಂಡು ಮುಟ್ಟಿ. ಇಲ್ಲವೇ ಅದನ್ನು ಅದರ ಪಾಡಿಗೆ ಬಿಡಿ, ಗುರುತು ಹಿಡಿಯಲು ಡ್ರಮ್ ಒಳಗಿನದ್ದೇನೂ ಬೇಕಿಲ್ಲ.

ಸೈಡ್‌ವಾಲ್ವ್
ಇನ್ನು ಎತ್ತಿಕೊಂಡು ಬಂದು ರಿಪೇರಿ ಮಾಡುವ ಯೋಚನೆ ಇದೆಯಾ? ಸೆವೆನ್‌ಗೆ ಬಿಡಿಭಾಗಗಳು ಈಗಲೂ ಸಿಗುತ್ತವೆ. ನಂಬರನ್ನೂ ವಾಪಸ್ ಪಡೆಯಬಹುದು, ವಾಹನ ನೋಂದಣಿಯ ಸರ್ಕಾರಿ ಕಚೇರಿ ಡಿವಿಎಲ್‌ಎಯಲ್ಲಿ ವಿ765 ಅಂತ ಒಂದು ಅರ್ಜಿ ಇದೆ.

ಹಳೇಚಕ್ರ
ನನಗೆ ಇದು ಸರಿ ಕಾಣುವುದಿಲ್ಲ ಸೈಡ್‌ವಾಲ್ವ್. ವಿ765ಕ್ಕೆ ಆ ನಂಬರೂ ಆ ಕಾರೂ ಒಂದೇ ಅಂತ ತೋರಿಸುವ ಹಳೇ ಕಾಗದ ಬೇಕು, ಕ್ಲಬ್‌ನವರು ನೋಡಿ ಒಪ್ಪಬೇಕು. ಇಲ್ಲಿ ಅಂಕಿಗಳೇ ಇಲ್ಲ. ಚಾಸಿ ಪಟ್ಟಿ ಬೆರಳು ಒತ್ತಿದರೆ ಉದುರುತ್ತಿದೆ. ಇದರ ಮೇಲೆ ಹೊಸ ಚಾಸಿ, ಹೊಸ ಬಾಡಿ, ಬೇರೆ ಎಂಜಿನ್ ಹಾಕಿ "1933ರ ಕಾರು" ಅಂದರೆ ಅದು ಯಾವ ಕಾರು? ಬೇರೆಯವರ ಸೆವೆನ್‌ಗೆ ಆ ಗೇರ್‌ಬಾಕ್ಸ್ ಉಪಯೋಗಕ್ಕೆ ಬರಬಹುದು, ಅದೂ ಜಮೀನಿನವರು ಕೊಟ್ಟರೆ.

ಸೈಡ್‌ವಾಲ್ವ್
ಕಾಗದ ಸಿಕ್ಕರೆ ಅಂತ ಹೇಳಿದೆ ಅಷ್ಟೇ ಅಣ್ಣ. ಎಷ್ಟೋ ಸಲ ಫಾರಂ ಮನೆಯ ಅಟ್ಟದಲ್ಲಿ ಹಳೇ ಲಾಗ್‌ಬುಕ್ (ಕಾರಿನ ನೋಂದಣಿ ಪುಸ್ತಕ) ಬಿದ್ದಿರುತ್ತದೆ.

ಕಾಡುದಾರಿ
ಎತ್ತಿಕೊಂಡು ಬರುವ ಆಸೆ ನನಗಿಲ್ಲ. ಯಾವುದು ಅಂತ ಗೊತ್ತಾದರೆ ಸಾಕಿತ್ತು. ಯಜಮಾನರಿಗೆ ಆಸ್ಟಿನ್ ಅಂತ ಹೇಳಿದೆ. ಅವರು ಒಪ್ಪಲಿಲ್ಲ, ಐದು ಸ್ಟಡ್ ಡ್ರಮ್ ತೋರಿಸಿ "ಹಾಗಾದರೆ ಇದು?" ಅಂದರು. 😄 ಲಾಗ್‌ಬುಕ್ ಹುಡುಕುತ್ತೇನೆ ಅಂದಿದ್ದಾರೆ. ಚಾಸಿ ನಂಬರ್ ಹುಡುಕುವುದು ಹೇಗೆ ಹೇಳಿ. ಉಜ್ಜಿದಷ್ಟೂ ತಗಡು ಉದುರುತ್ತಿದೆ.

ನಟ್ಟುಬೋಲ್ಟು
ಉಜ್ಜುವುದು ನಿಲ್ಲಿಸಿ. ತಂತಿ ಬ್ರಷ್, ಗ್ರೈಂಡರ್ ಎರಡೂ ಬೇಡ. ಸಡಿಲ ತುಕ್ಕನ್ನು ಮೆತ್ತನೆ ಬ್ರಷ್‌ನಲ್ಲಿ ತೆಗೆದು, ಸಂಜೆ ಹೊತ್ತು ಟಾರ್ಚನ್ನು ಪಟ್ಟಿಗೆ ಒರಗಿಸಿ ಓರೆಯಾಗಿ ಬೆಳಕು ಬಿಡಿ. ನೇರ ಬೆಳಕಲ್ಲಿ ಕಾಣದ ಅಂಕಿ ನೆರಳಲ್ಲಿ ಎದ್ದು ಕಾಣುತ್ತದೆ. ಸೀಮೆಸುಣ್ಣ ಸವರಿ ಒರೆಸಿದರೂ ಆಗುತ್ತದೆ. ಅಂಕಿ ಪೂರ್ತಿ ಸಿಗದಿದ್ದರೆ ಊಹೆ ಮಾಡಬೇಡಿ, ಕಾಣದ ಜಾಗಕ್ಕೆ ಗೆರೆ ಹಾಕಿ ಬರೆದುಕೊಳ್ಳಿ.

ಚಾಸಿ ನಂಬರ್, ಎಂಜಿನ್ ನಂಬರ್, ಕಾರ್ ನಂಬರ್ ಮೂರೂ ಬೇರೆ ಬೇರೆ. ಎಂಜಿನ್‌ದು ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸಿನ ಮೇಲೆ ಒತ್ತಿರುತ್ತದೆ, ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಅಲ್ಲಿಂದ ಶುರು ಮಾಡಿ.

ಕಾಡುದಾರಿ
ಕ್ರ್ಯಾಂಕ್‌ಕೇಸಿನದು ಪೂರ್ತಿ ಸಿಕ್ಕಿತು, ಎಂ ಅಕ್ಷರ ಮತ್ತು ಅಂಕಿಗಳು. ಚಾಸಿಯಲ್ಲಿ ಕೊನೆಯ ಮೂರು ಅಂಕಿ ಮಾತ್ರ. ಇಲ್ಲಿ ಹಾಕಲಾ?

ಹಳೇಚಕ್ರ
ಇಲ್ಲಿ ಬೇಡ ಮೇಡಂ. ನಂಬರ್ ಬಯಲಾದರೆ ನಾಳೆ ಯಾರೋ ಅದೇ ನಂಬರಿನ "ಅಸಲಿ" ಕಾರು ಮಾರಲು ನಿಲ್ಲುತ್ತಾರೆ. ಆಸ್ಟಿನ್ ಸೆವೆನ್ ಕ್ಲಬ್ಸ್ ಅಸೋಸಿಯೇಷನ್‌ಗೆ ಬರೆಯಿರಿ. ಫೋಟೋ, ಅಳತೆ, ಇಜೆ ತುಂಡು ಎಲ್ಲ ಸೇರಿಸಿ ಕಳಿಸಿ. ಜಾಗ ಎಲ್ಲಿ ಅನ್ನೋದನ್ನು ಮಾತ್ರ ಯಜಮಾನರನ್ನು ಕೇಳದೆ ಬರೆಯಬೇಡಿ.

ಕಾಡುದಾರಿ
ಸರಿ, ಇವತ್ತು ರಾತ್ರಿಯೇ ಬರೆಯುತ್ತೇನೆ. ಐದು ಸ್ಟಡ್‌ನ ಡ್ರಮ್‌ಗೆ ಬೇರೆ ಚರ್ಚೆ ಶುರು ಮಾಡಲಾ, ಇಲ್ಲೇ ಕೇಳಲಾ?

ಗೇರ್‌ಬಾಕ್ಸ್ ಗುಂಡಣ್ಣ
ಬೇರೆ ಶುರು ಮಾಡಿ. ಆದರೆ ಬರೀ ಡ್ರಮ್ ತರಬೇಡಿ, ಸುತ್ತಮುತ್ತ ಅಗೆದು ಒಂದು ಸ್ಪ್ರಿಂಗಾದರೂ ಹುಡುಕಿ. ಐದು ಸ್ಟಡ್ ಬೇಕಾದಷ್ಟು ಕಾರುಗಳಿಗಿತ್ತು.